ವಂಡೂರಿನ ಹವಳ: ಸೋಮವಾರ ಹೋಗಬೇಡಿ, ನೀರಿಗಿಳಿಯದೆ ಬರಬೇಡಿ

ಮೈಸೂರಿನ ನಮ್ಮ ಕುವೆಂಪುನಗರದ ಬೀದಿಯಲ್ಲಿ ಈ ಒಂದು ತಿಂಗಳಲ್ಲಿ ಮೂರು ಮನೆಯವರು ಕೇಳಿದರು. ಅಂಡಮಾನ್ ಹೇಗಿತ್ತು, ಆ ಹವಳದ ದ್ವೀಪಕ್ಕೆ ಹೋಗಬಹುದಾ, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕಷ್ಟ ಆಗುತ್ತಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಅಂಡಮಾನ್ ಪೂರ್ತಿ ಬರೆಯಲು ಹೋಗುವುದಿಲ್ಲ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಮತ್ತು ಅದರೊಳಗಿನ ಜಾಲಿ ಬಾಯ್ ದ್ವೀಪ, ಇಷ್ಟೇ.

ನಾವು ಐದು ಜನ. ನಾನು, ನಮ್ಮ ಯಜಮಾನರು, ಆರನೇ ಕ್ಲಾಸಿನ ಮಗಳು, ಅಪ್ಪ, ಅವ್ವ. ಅಪ್ಪ ಅವ್ವ ಇರುವುದು ಮಂಡ್ಯದ ಹತ್ತಿರ ಹಳ್ಳಿಯಲ್ಲಿ. ಅಪ್ಪನಿಗೆ 68 ವರ್ಷ. ಕಬ್ಬು ಕಡಿಸಿ ಫ್ಯಾಕ್ಟರಿಗೆ ಕಳಿಸಿ, ಸಂಕ್ರಾಂತಿಗೆ ದನ ಕಿಚ್ಚು ಹಾಯಿಸಿ, ಆಮೇಲೆ ಹೊರಟಿದ್ದು. ವಿ.ಸಿ. ನಾಲೆಯಲ್ಲಿ ಈಜಿ ಬೆಳೆದವರು ಅವರು. ಸಮುದ್ರ ಅಂದರೆ ಒಂದು ಸಲ ಧರ್ಮಸ್ಥಳಕ್ಕೆ ಹೋದಾಗ ಹಾಗೇ ಮುಂದೆ ಮಂಗಳೂರಿಗೆ ಹೋಗಿ ದಡದಲ್ಲಿ ನಿಂತು ನೋಡಿದ್ದು ಅಷ್ಟೇ. ಅವ್ವನಿಗೆ ಅದೂ ಇಲ್ಲ.

ಹೋಗುವ ದಾರಿ ಸುಲಭ. ಮೈಸೂರಿನಿಂದ ಫ್ಲೈಬಸ್ ಹತ್ತಿ ಬೆಂಗಳೂರು ಏರ್‌ಪೋರ್ಟು, ಅಲ್ಲಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆ ಆಸುಪಾಸಿನಲ್ಲಿ ಪೋರ್ಟ್ ಬ್ಲೇರ್. 2024ರ ಸೆಪ್ಟೆಂಬರ್‌ನಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಆದರೆ ನಮಗೆ ಸಿಕ್ಕ ಆಟೋದವರು, ಅಂಗಡಿಯವರು ಎಲ್ಲರ ಬಾಯಲ್ಲೂ ಇನ್ನೂ ಪೋರ್ಟ್ ಬ್ಲೇರ್ ಅಂತಲೇ ಇತ್ತು. ವಂಡೂರು ಅಲ್ಲಿಂದ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಒಂದು ವಿಷಯ ನೆನಪಿರಲಿ, ಅಲ್ಲಿ ಬೇಗ ಕತ್ತಲಾಗುತ್ತದೆ. ಗಡಿಯಾರ ನಮ್ಮದೇ, ಊರು ಮಾತ್ರ ಅಷ್ಟು ಪೂರ್ವಕ್ಕಿದೆ. ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಮಬ್ಬು ಕವಿಯುತ್ತದೆ. ನೀರಿನ ಕೆಲಸ ಎಲ್ಲ ಬೆಳಿಗ್ಗೆಯೇ ಮುಗಿಯಬೇಕು.

ಈಗ ಸೋಮವಾರದ ವಿಷಯ. ನಮ್ಮ ಪ್ಯಾಕೇಜ್ ಮಾಡಿಕೊಟ್ಟ ಏಜೆಂಟ್ ಒಬ್ಬರು ಜಾಲಿ ಬಾಯ್ ಅನ್ನು ಸೋಮವಾರಕ್ಕೆ ಹಾಕಿದ್ದರು. ಸೋಮವಾರ ಈ ಉದ್ಯಾನಕ್ಕೆ ರಜೆ. ನಮ್ಮ ಮೈಸೂರು ಝೂಗೆ ಮಂಗಳವಾರ ರಜೆ ಇದ್ದ ಹಾಗೆ ಇದೂ ಪ್ರತಿ ವಾರದ ರಜೆ, ಗುಟ್ಟಿನ ವಿಷಯ ಏನಲ್ಲ. ಹಿಂದಿನ ದಿನ ರಾತ್ರಿ ಹೋಟೆಲಿನ ಹುಡುಗ ಹೇಳುವ ತನಕ ನಮಗೆ ಗೊತ್ತಿರಲಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ ಬೇರೆ ಕಡೆ ಕಳಿಸುತ್ತೇನೆ ಅಂದರು. ನಮ್ಮ ಯಜಮಾನರು ಬಿಡಲಿಲ್ಲ. ಸೋಮವಾರ ಚಿಡಿಯಾ ಟಾಪುವಿಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ಬಂದೆವು, ಕೊನೆಗೆ ಉಳಿದಿದ್ದ ಒಂದೇ ದಿನವನ್ನು ಜಾಲಿ ಬಾಯ್‌ಗೆ ಇಟ್ಟುಕೊಂಡೆವು. ನೀವು ಬುಕ್ ಮಾಡುವಾಗ ದಿನ ಯಾವುದು ಅಂತ ನೀವೇ ಕ್ಯಾಲೆಂಡರ್ ನೋಡಿ. ಇನ್ನೊಂದು, ಅರಣ್ಯ ಇಲಾಖೆಯ ಪರ್ಮಿಟ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಅದು ಪ್ಯಾಕೇಜಿನಲ್ಲಿ ಸೇರಿದೆಯಾ, ಬೋಟಿನ ದುಡ್ಡು ಬೇರೆನಾ, ಬಾಯಿಬಿಟ್ಟು ಕೇಳಿ. ಎಲ್ಲರ ಆಧಾರ್ ಕಾರ್ಡ್ ಕೈಯಲ್ಲೇ ಇರಲಿ.

ಉದ್ಯಾನ ಆಗಿದ್ದು 1983ರಲ್ಲಿ. 281 ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಹೆಚ್ಚಿನದು ನೀರೇ. ಒಟ್ಟು 15 ದ್ವೀಪ. ಅದರಲ್ಲಿ ನಮ್ಮಂಥವರನ್ನು ಬಿಡುವುದು ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎರಡಕ್ಕೆ ಮಾತ್ರ. ಅದೂ ಎರಡನ್ನೂ ಒಟ್ಟಿಗೆ ತೆರೆಯುವುದಿಲ್ಲ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಜಾಲಿ ಬಾಯ್, ಅದು ಮುಚ್ಚಿದಾಗ ರೆಡ್ ಸ್ಕಿನ್. ಹೊಲವನ್ನು ಒಂದು ಬೆಳೆಗೆ ಬೀಳು ಬಿಟ್ಟ ಹಾಗೆ ಒಂದಕ್ಕೆ ವಿಶ್ರಾಂತಿ. ಇದನ್ನು ಹೇಳಿದ ತಕ್ಷಣ ಅಪ್ಪನಿಗೆ ಆ ಜಾಗದ ಮೇಲೆ ಒಂದು ಗೌರವ ಬಂತು. ದ್ವೀಪದಲ್ಲಿ ರಾತ್ರಿ ಯಾರೂ ಉಳಿಯುವ ಹಾಗಿಲ್ಲ. ರೆಸಾರ್ಟ್ ಇಲ್ಲ, ಅಂಗಡಿ ಇಲ್ಲ, ಟೀ ಇಲ್ಲ. ಬೆಳಿಗ್ಗೆ ಬೋಟಿನಲ್ಲಿ ಹೋಗಿ ಮಧ್ಯಾಹ್ನ ವಾಪಸ್.

ಪ್ಲಾಸ್ಟಿಕ್ ಬಗ್ಗೆ ತುಂಬಾ ಕಟ್ಟುನಿಟ್ಟು. ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿ ನೋಡುತ್ತಾರೆ. ಚಿಪ್ಸ್ ಪ್ಯಾಕೆಟ್, ಕವರ್ ಎಲ್ಲ ಅಲ್ಲೇ ಉಳಿಯುತ್ತದೆ. ನಮ್ಮ ಝೂನಲ್ಲಿ ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ದುಡ್ಡು ಇಟ್ಟುಕೊಂಡು, ಬಾಟಲಿ ತೋರಿಸಿದರೆ ವಾಪಸ್ ಕೊಡುತ್ತಾರಲ್ಲ, ಅದನ್ನು ನೋಡಿದ ಮೈಸೂರಿನವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ. ಅವ್ವ ಸ್ಟೀಲ್ ಡಬ್ಬಿಯಲ್ಲಿ ಚಪಾತಿ, ಕಡಲೆಕಾಯಿ ಚಟ್ನಿಪುಡಿ, ನಿಪ್ಪಟ್ಟು ತಂದಿದ್ದರು, ನೀರಿಗೂ ಸ್ಟೀಲ್ ಬಾಟಲಿ. ನಮ್ಮ ಬ್ಯಾಗ್ ಒಂದೇ ನಿಮಿಷದಲ್ಲಿ ಪಾಸಾಯಿತು. ಜೆಟ್ಟಿಯಲ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ, ಮುಖ್ಯವಾಗಿ ಹೆಂಗಸರು ಮತ್ತು ವಯಸ್ಸಾದವರು.

ಜೆಟ್ಟಿಗೆ ಬರುವ ಮೊದಲು ದಾರಿಯಲ್ಲಿ ಸಿಪ್ಪಿಘಾಟ್ ಅಂತ ಒಂದು ಜಾಗ ಸಿಗುತ್ತದೆ. ಬಹಳ ಜನ ಕಾರಿನಿಂದ ಇಳಿಯದೆ ಮುಂದೆ ಹೋಗುತ್ತಾರೆ, ನೀವು ಐದು ನಿಮಿಷ ಇಳಿಯಿರಿ. ರಸ್ತೆ ಪಕ್ಕದಲ್ಲಿ ದೊಡ್ಡ ಕೆರೆಯ ಹಾಗೆ ನೀರು ನಿಂತಿದೆ, ಬಿಳಿ ಕೊಕ್ಕರೆಗಳು ಓಡಾಡುತ್ತವೆ, ನೋಡಲು ಚೆನ್ನಾಗಿದೆ. ಇದು ಮೊದಲು ಭತ್ತದ ಗದ್ದೆ ಆಗಿತ್ತು ಅಂತ ಡ್ರೈವರ್ ಹೇಳಿದರು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಈ ಕಡೆಯ ನೆಲವೇ ಸುಮಾರು ಒಂದು ಮೀಟರ್ ಕುಸಿದು, ಸಮುದ್ರದ ನೀರು ಒಳಗೆ ಬಂದು ಹಾಗೇ ನಿಂತುಬಿಟ್ಟಿತು. ಸುನಾಮಿ ಅಲೆ ವಾಪಸ್ ಹೋಯಿತು, ಉಪ್ಪುನೀರು ಹೋಗಲಿಲ್ಲ. ಅಪ್ಪ ನೀರಿನಲ್ಲಿ ಕೈ ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದರು. ಆಮೇಲೆ ವಂಡೂರು ಬರುವ ತನಕ ಮಾತೇ ಆಡಲಿಲ್ಲ. ಕಾಲುವೆ ನೀರು ಒಂದು ತಿಂಗಳು ತಡವಾದರೆ ನಿದ್ದೆ ಬರದ ಮನುಷ್ಯ, ಗದ್ದೆ ಸಮುದ್ರದ ಪಾಲಾಗುವುದು ಅಂದರೆ ಏನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬೋಟಿನ ಪ್ರಯಾಣ ಒಂದು ಗಂಟೆ ಆಸುಪಾಸು. ಮೊದಲು ಎರಡೂ ಕಡೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡು, ಬೇರುಗಳೆಲ್ಲ ನೀರಿನ ಮೇಲೆ ಕಾಲು ಮಡಚಿ ನಿಂತ ಹಾಗೆ. ಆಮೇಲೆ ಬಯಲು ಸಮುದ್ರ. ಮೊಸಳೆ ಇದೆಯಾ ಅಂತ ಮಗಳು ಕೇಳಿದಳು. ಇದೆ. ವಂಡೂರು ಬೀಚಿನಲ್ಲಿ ಈಜುವವರಿಗಾಗಿ ಬಲೆ ಕಟ್ಟಿದ ಜಾಗವೇ ಬೇರೆ, ಎಚ್ಚರಿಕೆಯ ಬೋರ್ಡೂ ಇದೆ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವುದನ್ನು ನೋಡಿದ್ದೀವಲ್ಲ, ಅದು ಸಿಹಿನೀರಿನ ಜಾತಿ. ಇಲ್ಲಿಯದು ಉಪ್ಪುನೀರಿನ ಮೊಸಳೆ, ಈಗ ಬದುಕಿರುವ ಸರೀಸೃಪಗಳಲ್ಲೇ ದೊಡ್ಡದು. ಬೋರ್ಡಿನಲ್ಲಿ ಬರೆದಿದ್ದನ್ನು ಸುಮ್ನೆ ಓದಿ ನಗಬೇಡಿ, ಹೇಳಿದ ಜಾಗದಲ್ಲೇ ನೀರಿಗಿಳಿಯಿರಿ. ನಮಗೆ ಮೊಸಳೆ ಕಾಣಲಿಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಒಂದು ನೀರಿಗೆ ಎರಗಿ ಮೀನು ಎತ್ತಿಕೊಂಡು ಹೋಗಿದ್ದು ಎಲ್ಲರಿಗೂ ಕಾಣಿಸಿತು. ಕಡಲ ಹಸುವನ್ನೂ (ಡುಗಾಂಗ್) ನೋಡುವ ಆಸೆ ಮಗಳಿಗಿತ್ತು, ಅದು ಅಂಡಮಾನ್ ನಿಕೋಬಾರ್‌ನ ರಾಜ್ಯಪ್ರಾಣಿ, ಕಡಲ ತಳದ ಹುಲ್ಲು ಮೇಯುತ್ತದೆ. ಅದು ಕಾಣಿಸುವುದು ಬಹಳ ಅಪರೂಪ. ಬಂಡೀಪುರಕ್ಕೆ ಹತ್ತು ಸಲ ಹೋದರೂ ಹುಲಿ ಕಾಣದವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಆ ಲೆಕ್ಕದಲ್ಲಿ ಹವಳದ್ದು ಒಂದು ಅನುಕೂಲ. ಅದು ಎಲ್ಲೂ ಓಡಿಹೋಗುವುದಿಲ್ಲ.

ದ್ವೀಪದಲ್ಲಿ ಜೆಟ್ಟಿ ಇಲ್ಲ. ದೊಡ್ಡ ಬೋಟು ದೂರದಲ್ಲೇ ನಿಲ್ಲುತ್ತದೆ, ಅಲ್ಲಿಂದ ಗಾಜಿನ ತಳದ ಸಣ್ಣ ಬೋಟಿನಲ್ಲಿ ದಡಕ್ಕೆ. ಹಾಗೇ ಹೋಗುತ್ತಾ ಕೆಳಗಿನ ಹವಳ ತೋರಿಸುತ್ತಾರೆ. ನಮಗೆ ಸಿಕ್ಕ ಬೋಟಿನ ಗಾಜು ಗೀಚಿ ಗೀಚಿ ಮಂಕಾಗಿತ್ತು. ಸುತ್ತ ಕೂತ ಎಲ್ಲರೂ ಒಟ್ಟಿಗೆ ಬಗ್ಗಿದರೆ ತಲೆಗಳೇ ಕಾಣುತ್ತವೆ. ಅವ್ವ ನೋಡಿ, ಏನೋ ಹೂಕೋಸು ಹರಡಿದ ಹಾಗಿದೆ ಅಂದರು. ನಿಜ ಹೇಳಬೇಕು ಅಂದರೆ ನನಗೂ ಅಷ್ಟೇ ಅನ್ನಿಸಿದ್ದು. ಬೋಟಿನ ಹುಡುಗ ನಡುವೆ ನಿಲ್ಲಿಸಿ, ಇನ್ನೂ ದುಡ್ಡು ಕೊಟ್ಟರೆ ಒಳ್ಳೆ ಜಾಗ ತೋರಿಸುತ್ತೇನೆ ಅಂದ. ಬೇಡ ಅಂದೆವು. ಆ ದುಡ್ಡನ್ನು ಸ್ನಾರ್ಕಲಿಂಗ್‌ಗೆ, ಅಂದರೆ ಮುಖ ನೀರಿಗೆ ಇಟ್ಟು ತೇಲುತ್ತಾ ಕೆಳಗೆ ನೋಡುವುದಕ್ಕೆ, ಇಡಿ. ಬಹಳ ಜನ ಈ ಬೋಟಿನಲ್ಲಿ ಒಂದು ಸುತ್ತು ಹೊಡೆದು, ದಡದಲ್ಲಿ ಫೋಟೋ ತೆಗೆದುಕೊಂಡು, ಇಷ್ಟೇನಾ ಅಂತ ವಾಪಸ್ ಬರುತ್ತಾರೆ. ನಮ್ಮ ಜೊತೆ ಬಂದ ಒಂದು ಕುಟುಂಬ ಹಾಗೇ ಮಾಡಿತು, ನನಗೆ ಅವರನ್ನು ನೋಡಿ ಹೊಟ್ಟೆ ಉರಿಯಿತು. ಅಷ್ಟು ದೂರ ಬಂದು, ಅಷ್ಟು ಖರ್ಚು ಮಾಡಿ, ಮುಖ ನೀರಿಗೆ ಇಡದೆ ಹೋಗಬಾರದು.

ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ಗಾಳಿ ತುಂಬಿದ ಟ್ಯೂಬ್ ಹಿಡಿದು ನೀರಿನ ಮೇಲೆ ಬೋರಲು ಮಲಗುವುದು, ಗೈಡ್ ಟ್ಯೂಬ್ ಎಳೆದುಕೊಂಡು ಹೋಗುತ್ತಾರೆ. ಈಜು ಬರಬೇಕಾಗಿಲ್ಲ. ಕಷ್ಟ ಇರುವುದು ಉಸಿರಾಟದಲ್ಲಿ. ಮೂಗು ಮುಚ್ಚಿರುತ್ತದೆ, ಬಾಯಲ್ಲೇ ಉಸಿರಾಡಬೇಕು, ನಮ್ಮ ದೇಹಕ್ಕೆ ಅದು ಅಭ್ಯಾಸ ಇಲ್ಲ. ಅಲ್ಲೇ ಮೊದಲ ಸಲ ಕಲಿಯಲು ಹೋದರೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಅರ್ಧ ಕೆಮ್ಮುವುದರಲ್ಲೇ ಕಳೆಯುತ್ತದೆ. ನಾವು ಹೊರಡುವ ಮೊದಲು ಎರಡು ಭಾನುವಾರ ಸರಸ್ವತಿಪುರಂನ ಈಜುಕೊಳದಲ್ಲಿ ಮಗಳಿಗೆ ಅಭ್ಯಾಸ ಮಾಡಿಸಿದ್ದೆವು, ನಾನೂ ಮಾಡಿದ್ದೆ. ಅಪ್ಪ ಊರಿನಲ್ಲೇ ತೊಟ್ಟಿ ನೀರಿಗೆ ಮುಖ ಇಟ್ಟು ಕಲಿತರು. ನಾನು ಕೊಡುವ ಬುದ್ಧಿಮಾತು ಇದೊಂದೇ ಅಂತ ಇಟ್ಟುಕೊಳ್ಳಿ: ಒಂದು ಮಾಸ್ಕ್ ತಗೊಳ್ಳಿ, ಬಕೆಟ್‌ನಲ್ಲಾದರೂ ಸರಿ, ಮನೆಯಲ್ಲೇ ಕಲಿತು ಹೋಗಿ. ಬಿಪಿ, ಹಾರ್ಟ್ ತೊಂದರೆ ಇರುವವರು ಡಾಕ್ಟರನ್ನು ಕೇಳಿ. ದಪ್ಪ ಕನ್ನಡಕದವರಿಗೆ ಮಾಸ್ಕ್ ಒಳಗೆ ಕಷ್ಟ. ಅಪ್ಪನಿಗೆ ಪೊರೆ ಆಪರೇಷನ್ ಆಗಿದೆ, ದೂರದ್ದು ಚೆನ್ನಾಗಿ ಕಾಣುತ್ತದೆ, ಹಾಗಾಗಿ ತೊಂದರೆ ಆಗಲಿಲ್ಲ.

ಮುಖ ಇಟ್ಟ ಮೊದಲ ಕ್ಷಣ ಹೇಗಿತ್ತು ಅಂದರೆ, ಗಾಜಿನ ಬೋಟಿನಲ್ಲಿ ಮಂಕಾಗಿ ಕಂಡಿದ್ದೆಲ್ಲ ಒಮ್ಮೆಗೇ ಹತ್ತಿರ ಬಂತು. ಜಿಂಕೆ ಕೊಂಬಿನ ಹಾಗೆ ಕವಲೊಡೆದ ಹವಳ, ಅದರ ಸಂದಿಸಂದಿಯಲ್ಲಿ ಉಗುರಿನಷ್ಟು ನೀಲಿ ಮೀನುಗಳು, ನಾವು ಹತ್ತಿರ ಹೋದರೆ ಎಲ್ಲ ಒಟ್ಟಿಗೆ ಒಳಗೆ, ಒಂದು ಉಸಿರು ಬಿಡುವಷ್ಟರಲ್ಲಿ ಎಲ್ಲ ಒಟ್ಟಿಗೆ ಹೊರಗೆ. ಬಂಡೆಯಷ್ಟು ದೊಡ್ಡ ಗುಂಡು ಹವಳ, ಮೇಲೆ ಮೆದುಳಿನ ಹಾಗೆ ಗೆರೆ. ಅದರಲ್ಲಿ ಸಿಕ್ಕಿಕೊಂಡ ಕಪ್ಪೆಚಿಪ್ಪು ಒಂದು, ಬಾಯಂಚು ಕಡು ನೀಲಿ, ನಮ್ಮ ನೆರಳು ಬಿದ್ದ ತಕ್ಷಣ ಮುಚ್ಚಿಕೊಂಡಿತು. ಕಡಲ ಹೂವು ಅನ್ನುವ ಪ್ರಾಣಿಯ ಬೆರಳುಗಳ ನಡುವೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಮೀನು ಹೊರಗೆ ಬಂದು ನಮ್ಮನ್ನೇ ಎದುರಿಸಿ ನಿಂತಿತ್ತು, ಬೆರಳುದ್ದ ಇಲ್ಲ, ಎಷ್ಟು ಧೈರ್ಯ! ಮರಳಿನ ಮೇಲೆ ಕಪ್ಪು ಕಡಲ ಸೌತೆ, ಸೌತೆಕಾಯಿ ಆಕಾರದ ಪ್ರಾಣಿ. ಮಗಳು ತಲೆ ಎತ್ತಿ, ಅಮ್ಮಾ ಏನೋ ಕಟ ಕಟ ಅಂತ ಕೇಳ್ತಿದೆ ಅಂದಳು. ಗಿಳಿಮೀನು. ಹವಳ, ಸತ್ತ ಹವಳದ ಮೇಲಿನ ಪಾಚಿ ಕಚ್ಚಿ ಕೆರೆಯುವ ಸದ್ದು ಅದು. ಕಚ್ಚಿದ ಸುಣ್ಣ ಹೊಟ್ಟೆಯಲ್ಲಿ ಪುಡಿಯಾಗಿ ಮರಳಾಗಿ ಹೊರಗೆ ಬರುತ್ತದೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಗೈಡ್ ಇದನ್ನು ಹೇಳಿದ ಮೇಲೆ ಮಗಳು ದಡದಲ್ಲಿ ಒಂದು ಹಿಡಿ ಮರಳು ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾ ಕೂತಿದ್ದಳು.

ಅಪ್ಪ ನೀರಿನಿಂದ ತಲೆ ಎತ್ತಿದ್ದು ಕೊನೆಗೆ. ಗೈಡ್ ಸಾಕು ಅಂದ ಮೇಲೆ. ಮಾಸ್ಕ್ ತೆಗೆದು ಹೇಳಿದ್ದು, "ಕಲ್ಲು ಅಂದ್ಕೊಂಡಿದ್ದೆ ಕಣವ್ವಾ. ಇದು ಜೀವ ಐತೆ."

ಹೌದು, ಜೀವವೇ. ರಾಗಿಕಾಳಿನಿಂದ ಕಡಲೆಕಾಳಿನಷ್ಟು ದಪ್ಪದ ಮೆತ್ತನೆಯ ಪ್ರಾಣಿಗಳು, ಲೋಳೆಮೀನಿನ ನೆಂಟರು, ಸಾವಿರಾರು ಒಟ್ಟಿಗೆ ಕೂತು ತಮ್ಮ ಅಡಿಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ಜಾಗ ಮತ್ತು ಗೊಬ್ಬರ ಕೊಡುತ್ತದೆ. ದಡದಲ್ಲಿ ಕೂತು ನಮ್ಮ ಯಜಮಾನರು ಇದನ್ನು ವಿವರಿಸಿದಾಗ ಅಪ್ಪ, "ಹಂಗಾದ್ರೆ ವಾರಕ್ಕೆ ಜಮೀನು ಮಾಡ್ದಂಗೆ" ಅಂದರು. ಒಬ್ಬರ ಹೊಲವನ್ನು ಇನ್ನೊಬ್ಬರು ಮಾಡಿ ಬೆಳೆ ಹಂಚಿಕೊಳ್ಳುವುದಕ್ಕೆ ವಾರ ಅನ್ನುತ್ತಾರೆ. ಅದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಬಣ್ಣದಲ್ಲಿ ಹೆಚ್ಚಿನದೂ ಆ ಪಾಚಿಯದೇ. ನೀರಿನ ಬಿಸಿ ಬೇಸಿಗೆಯಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು.

ಹಾಗಾಗಿ ಟಿವಿಯಲ್ಲಿ ನೋಡಿದಷ್ಟು ಬಣ್ಣ ಇರುತ್ತದೆ ಅಂತ ಹೋಗಬೇಡಿ. ಕೆಲವು ಕಡೆ ಬೂದು ಬಣ್ಣದ ಸತ್ತ ಕೊಂಬೆಗಳ ರಾಶಿ, ಬೆಂಕಿ ಬಿದ್ದ ಕಬ್ಬಿನ ಗದ್ದೆಯ ಹಾಗೆ. ಅದರ ಪಕ್ಕದಲ್ಲೇ ಹೊಸದಾಗಿ ಅಂಗೈಯಗಲ ಚಿಗುರಿದ ಹವಳವೂ ಇದೆ. ಎರಡನ್ನೂ ನೋಡಿ.

ನನಗೆ ನಿಜವಾಗಿ ಸಿಟ್ಟು ಬಂದ ಗಳಿಗೆ ಒಂದು ಇದೆ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಸುಸ್ತಾಯಿತು ಅಂತ ಟ್ಯೂಬ್ ಬಿಟ್ಟು ಗುಂಡು ಹವಳದ ಮೇಲೆ ಎದ್ದು ನಿಂತರು. ಗೈಡ್ ಕೂಗಿಕೊಂಡ. ಅವರು ನಗುತ್ತಾ ನಿಂತೇ ಇದ್ದರು, ಫೋಟೋ ತೆಗೆಯಿರಿ ಅಂದರು. ಅಂಥ ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ಅವರು ನಿಂತಿದ್ದು ನಮ್ಮ ತಾತನ ಕಾಲದಿಂದ ಬೆಳೆದದ್ದರ ಮೇಲೆ. ಮೆತ್ತನೆಯ ಜೀವಿಗಳು, ಕಾಲಿಟ್ಟರೆ ಅರೆದ ಹಾಗೆ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಯಲ್ಲೇ ದಿಬ್ಬ ಕಟ್ಟುವ ಹವಳವೂ ಇದೆ, ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸತ್ತ ತುಂಡನ್ನೂ ತರುವ ಹಾಗಿಲ್ಲ. ನಮ್ಮ ನೆಂಟರೊಬ್ಬರು ಶೋಕೇಸಿಗೆ ಒಂದು ಹವಳದ ತುಂಡು ತಾ ಅಂದಿದ್ದರು, ತರಲಿಲ್ಲ. ಮಗಳು ಎತ್ತಿಕೊಂಡಿದ್ದ ಒಂದು ಶಂಖವನ್ನೂ ವಾಪಸ್ ಇಡಿಸಿದೆ. ಇಟ್ಟ ಐದು ನಿಮಿಷಕ್ಕೆ ಅದರೊಳಗಿಂದ ಸನ್ಯಾಸಿ ಏಡಿ ಕಾಲು ಹೊರಗೆ ಹಾಕಿ ಮನೆ ಸಮೇತ ನಡೆದುಕೊಂಡು ಹೋಯಿತು. ಅವಳಿಗೆ ನಾನು ಮತ್ತೇನೂ ಹೇಳಬೇಕಾಗಲಿಲ್ಲ.

ಅವ್ವ ನೀರಿಗಿಳಿಯಲಿಲ್ಲ. ಮರದ ನೆರಳಿನಲ್ಲಿ ಕೂತಿದ್ದರು, ಬೇಜಾರಾಗಲಿಲ್ಲ ಅಂದರು. ತಾಳಿಯ ಜೊತೆಗಿನ ಹವಳದ ಸರ ಮುಟ್ಟಿಕೊಂಡು, ಇದೂ ಇಲ್ಲಿಂದಲೇ ಬಂದಿದ್ದಾ ಅಂತ ಕೇಳಿದರು. ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಓದಿದೆ. ಒಡವೆಗೆ ಹಾಕುವ ಕೆಂಪು ಹವಳ ಬೇರೆ ಜಾತಿ. ತಲೆತಲಾಂತರದಿಂದ ಅದನ್ನು ಮೆಡಿಟರೇನಿಯನ್ ಸಮುದ್ರದಿಂದ ತೆಗೆಯುತ್ತಾ ಬಂದಿದ್ದಾರೆ, ಅದು ಈ ದಿಬ್ಬದ ಹವಳದ ಹಾಗೆ ಬಿಸಿಲು ನಂಬಿಕೊಂಡದ್ದಲ್ಲ. ಫೋನಿನಲ್ಲಿ ಹೇಳಿದಾಗ ಅವ್ವನಿಗೆ ಸಮಾಧಾನ ಆಯಿತು.

ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವ ಬದಲು ತುಂಬುತೋಳಿನ ಟೀಶರ್ಟ್ ಹಾಕಿಕೊಳ್ಳಿ, ಕೆಲವು ಕ್ರೀಮಿನಲ್ಲಿರುವ ರಾಸಾಯನಿಕ ಹವಳಕ್ಕೆ ಕೆಡುಕು. ನೀರಿನಲ್ಲಿ ಬೋರಲು ಮಲಗಿದಾಗ ಬೆನ್ನು ಸುಡುವುದು ಗೊತ್ತೇ ಆಗುವುದಿಲ್ಲ, ನನಗೆ ಎರಡು ದಿನ ಉರಿ ಇತ್ತು. ಮಧ್ಯಾಹ್ನದ ಊಟ ನೀರಿಗಿಳಿದು ಬಂದ ಮೇಲೆ ಮಾಡಿ.

ಐದಕ್ಕೆ ಎಷ್ಟು ಅಂತ ಕೇಳಿದರೆ ಉದ್ಯಾನಕ್ಕೆ ಐದಕ್ಕೆ ಐದು. ನಮಗೆ ಸಿಕ್ಕ ಬೋಟಿಗೆ ಎರಡೂವರೆ. ನೀರಿನಲ್ಲಿ ಸಿಗುವ ಸಮಯ ಕಡಿಮೆ ಅಂತ ಬಹಳ ಜನ ಗೊಣಗುತ್ತಾರೆ, ನನಗೂ ಇನ್ನೊಂದು ಗಂಟೆ ಬೇಕು ಅನ್ನಿಸಿತು. ಆದರೆ ಬೇಕಾದಷ್ಟು ಹೊತ್ತು ಬಿಟ್ಟಿದ್ದರೆ ಅಲ್ಲಿ ನೋಡುವುದಕ್ಕೆ ಇಷ್ಟು ಉಳಿದಿರುತ್ತಿತ್ತಾ? ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ ಅಂದವರಿಗೆ, ಹೋಗಬಹುದು. ಸಣ್ಣ ಬೋಟಿಗೆ ಹತ್ತಿ ಇಳಿಯುವಾಗ ಮಾತ್ರ ಇಬ್ಬರು ಕೈ ಹಿಡಿದುಕೊಳ್ಳಬೇಕು, ಅವ್ವನಿಗೆ ಮಂಡಿ ನೋವಿದೆ, ಹಾಗೇ ನಿಭಾಯಿಸಿದೆವು.

ಅಷ್ಟು ದೂರ, ಅಷ್ಟು ಖರ್ಚು ಬೇಡ ಅನ್ನುವವರಿಗೆ ನಮ್ಮ ಕರ್ನಾಟಕದಲ್ಲೇ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪ ಇದೆ, ಅಲ್ಲೂ ಹವಳ ಇದೆ, ಸ್ನಾರ್ಕಲಿಂಗ್, ಸ್ಕೂಬಾ ಎರಡೂ ಮಾಡಿಸುತ್ತಾರೆ, ಮಳೆಗಾಲದಲ್ಲಿ ಇರುವುದಿಲ್ಲ. ನಾನು ಇನ್ನೂ ಹೋಗಿಲ್ಲ, ಹೋಗಿ ಬಂದ ಮೇಲೆ ಬರೆಯುತ್ತೇನೆ. ಮೊನ್ನೆ ಅಪ್ಪ ಫೋನ್ ಮಾಡಿ, ಭತ್ತದ ನಾಟಿ ಮುಗಿದ ಮೇಲೆ ಯಾವಾಗ ಬೇಕಾದರೂ ಹೊರಡೋಣ, ಆ ಮಾಸ್ಕ್ ಇಲ್ಲೇ ಐತೆ ಅಂದರು.